ಪಾವಿನ ಅಳತೆಯೂ ತಕ್ಕಡಿಯ ತೂಕವೂ

ಕಳೆದ ದೀಪಾವಳಿಗೆ ನಾವು ಅಜ್ಜಂಪುರದಲ್ಲಿ ಬಂಧುಗಳೊಬ್ಬರ ಮನೆಗೆ ಹೋಗಿದ್ದೆವು. ಆ ಮನೆಯ ಹೊಸ ಸೊಸೆಯು, ಹಿಂದಿನವರು ಬರೆದಿಟ್ಟಿದ್ದ ಪಾಕದ ಪುಸ್ತಕವನ್ನು ನೋಡಿಕೊಂಡು ಮೈಸೂರು ಪಾಕನ್ನು ಮಾಡಲು ಹೊರಟಳು. ಕಡಲೆಹಿಟ್ಟು ಒಂದು ಪಾವು, ಸಕ್ಕರೆ ಎರಡು ಪಾವು ಎಂದು ಅದರಲ್ಲಿ ಬರೆದಿತ್ತು. ಪಾವೆಂದರೆ ಕಾಲು ಕಿಲೋ ಎಂದು ಎಣಿಸಿ, ಆಕೆಯು ಕಾಲು ಕಿಲೋ ಹಿಟ್ಟಿಗೆ ಅರ್ಧ ಕಿಲೋ ಸಕ್ಕರೆಯನ್ನು ತೂಗಿ ಹಾಕಿದಳು. ಪಾಕು ಸರಿಯಾಗಿ ಕಟ್ಟದೆ ಹಿಟ್ಟಿನ ಮುದ್ದೆಯಂತಾಯಿತು. "ನಮ್ಮಮ್ಮನ ಕೈಗುಣ ಎಲ್ಲರಿಗೂ ಬಂದೀತೇ?" ಎಂದು ಅತ್ತೆಯವರು ನಿಟ್ಟುಸಿರಿಟ್ಟರು, ಸೊಸೆಯ ಮುಖವು ಬಾಡಿತು.

ಆದರೆ ತಪ್ಪು ಕೈಗುಣದ್ದಲ್ಲ, ಅಳತೆಯದು. ಪಾವು ಅಳೆಯುವುದು ಪದಾರ್ಥವು ಹಿಡಿಸುವ ಜಾಗವನ್ನು. ತಕ್ಕಡಿಯು ಹೇಳುವುದು ಅದರ ಭಾರವನ್ನು. ಕಾಲು ಲೀಟರು, ಎಂದರೆ 250 ಗ್ರಾಂ ನೀರು ಹಿಡಿಯುವ ಪಾತ್ರೆಯಲ್ಲಿ ಅಕ್ಕಿಯು ಸುಮಾರು 200 ಗ್ರಾಂ, ಸಕ್ಕರೆಯು ಸುಮಾರು 210 ಗ್ರಾಂ, ಪುಡಿ ಉಪ್ಪು ಸುಮಾರು 300 ಗ್ರಾಂ ತೂಗುತ್ತವೆ. ಜರಡಿಯಾಡಿಸಿದ ಹಗುರಾದ ಕಡಲೆಹಿಟ್ಟಾದರೋ ಸುಮಾರು 100 ಗ್ರಾಂ ಮಾತ್ರ. ಆದುದರಿಂದ ಪಾವಿನಲ್ಲಿ ಹಿಟ್ಟಿಗೆ ಎರಡರಷ್ಟಾದ ಸಕ್ಕರೆಯು ತೂಕದಲ್ಲಿ ನಾಲ್ಕರಷ್ಟಾಗುತ್ತದೆ. ಆ ಸೊಸೆಯು ಹಾಕಿದ್ದು ಬೇಕಾದುದರಲ್ಲಿ ಅರ್ಧದಷ್ಟು ಸಕ್ಕರೆಯನ್ನೇ!

ಇನ್ನೊಂದು ತೊಡಕು 'ಸೇರು' ಎಂಬ ಮಾತಿನದು. ಅಕ್ಕಿ, ರಾಗಿ, ಬೇಳೆಗಳಿಗೆ ಸೇರೆಂದರೆ ನಾಲ್ಕು ಪಾವಿನ ಅಳತೆ. ಬೆಲ್ಲ, ಹುಣಿಸೆಹಣ್ಣುಗಳಿಗೆ ಅದೇ ಮಾತು ತೂಕವನ್ನು ಹೇಳುತ್ತಿತ್ತು. ಹಳೆಯ ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲದ್ದು, ಈಗಿನ ಲೆಕ್ಕದಲ್ಲಿ ಸುಮಾರು 280 ಗ್ರಾಂ. 80 ತೊಲದ ಸೇರಾದರೆ ಸುಮಾರು 933 ಗ್ರಾಂ. 1956ರ ಕಾಯಿದೆಯ ಮೇರೆಗೆ 1958ರಿಂದ ಕಿಲೋಗ್ರಾಂ ಬಳಕೆಗೆ ಬಂದು, ಅಂಗಡಿಗಳಿಂದ ಸೇರು ಮರೆಯಾಯಿತು. ಮನೆಯ ಪುಸ್ತಕಗಳಲ್ಲಿ ಮಾತ್ರ ಉಳಿದುಕೊಂಡಿತು. ಹಳೆಯ ಬರಹದಲ್ಲಿ ಬೆಲ್ಲದ ಮುಂದೆ ಸೇರೆಂದು ಕಂಡರೆ, ಅದು ಯಾವ ಸೇರೆಂದು ಮನೆಯ ಹಿರಿಯರನ್ನು ಕೇಳಿಯೇ ಮುಂದುವರಿಯತಕ್ಕದ್ದು.

ಹಾಗಾದರೆ ಗೃಹಿಣಿಯರು ಮಾಡಬೇಕಾದುದೇನು? ಎಲ್ಲ ಪದಾರ್ಥಗಳಿಗೂ ಹೊಂದುವ ಒಂದೇ ಲೆಕ್ಕವನ್ನು ಹುಡುಕಬಾರದು. ಅಟ್ಟದ ಮೇಲಿರುವ ಅಜ್ಜಿಯ ಪಾವನ್ನೇ ಕೆಳಗಿಳಿಸಿ ತೊಳೆದು ಒಣಗಿಸಿರಿ. ಬರಿಯ ಪಾವನ್ನು ಮೊದಲು ತೂಗಿ, ಬಾಯಿಮಟ್ಟಕ್ಕೆ ನೀರು ತುಂಬಿ ಮತ್ತೆ ತೂಗಿರಿ. ಹೆಚ್ಚಿದ ಗ್ರಾಂಗಳಷ್ಟೇ ಮಿಲಿಲೀಟರು ಅದು ಹಿಡಿಯುತ್ತದೆ. ಮರದ ಪಾವಾದರೆ ನೀರು ಬೇಡ. ಬಳಿಕ ಪಾವನ್ನು ಚೆನ್ನಾಗಿ ಒರೆಸಿ, ಒಂದೊಂದು ಪದಾರ್ಥವನ್ನೂ ತುಂಬಿ, ಮೇಲ್ಭಾಗವನ್ನು ಕಡ್ಡಿಯಿಂದ ಸಮನಾಗಿ ಸವರಿ ತೂಗಿರಿ. ಹಿಟ್ಟನ್ನು ಒತ್ತಿ ತುಂಬಬಾರದು, ಪಾವನ್ನು ಕುಟ್ಟಲೂಬಾರದು. ಹಾಗೆ ಮಾಡಿದರೆ ತೂಕವು ಬಹಳ ಏರುತ್ತದೆ. ಕೆಲವು ಮನೆಗಳಲ್ಲಿ ಗೋಪುರದಂತೆ ತುಂಬಿ ಅಳೆಯುವ ರೂಢಿಯುಂಟು. ನಿಮ್ಮ ಹಿರಿಯರ ರೂಢಿ ಹಾಗಿದ್ದಲ್ಲಿ ಹಾಗೆಯೇ ತುಂಬಿ ತೂಗಿರಿ. ಹೀಗೆ ದೊರೆತ ತೂಕಗಳನ್ನು ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿಡಿರಿ.

ನಾವು ಹೊರಡುವ ಮುನ್ನಾದಿನ ಅತ್ತೆ ಸೊಸೆಯರಿಬ್ಬರೂ ಕುಳಿತು ಆ ಹಿತ್ತಾಳೆಯ ಪಾವಿನಿಂದ ಹೀಗೆಯೇ ಅಳೆದು ತೂಗಿದರು. ಮರುದಿನದ ಪಾಕು ಗೂಡುಗೂಡಾಗಿ ಕಟ್ಟಿತು. ಪಾವು ಒಂದು ದಿನ ಗುಜರಿಗೆ ಹೋದೀತು, ಅದನ್ನು ಬಲ್ಲ ಹಿರಿಯರೂ ಎಂದೆಂದಿಗೂ ಇರುವವರಲ್ಲ. ಅವರಿರುವಾಗಲೇ ಈ ಒಂದು ಪುಟವನ್ನು ಬರೆದುಕೊಂಡರೆ, ಮನೆಯ ರುಚಿಯು ಮುಂದಿನವರಿಗೂ ಉಳಿಯುತ್ತದೆ.