ಗಂಗಾಳದ ಮುಂದಿನ ಮಗು: ನಂಬಿಕೆಯೂ ವಾಸ್ತವವೂ

ಊಟವೆಂಬುದು ಮಕ್ಕಳಿಗೆ ಸ್ವಭಾವತಃ ಬೇಸರದ ಕಾರ್ಯ, ಆದುದರಿಂದ ಅದಕ್ಕೆ ಮೊಬೈಲಿನ ಚಿತ್ರವನ್ನೋ, ಲೈನ್ ಬಜಾರಿನ ಪೇಡೆಯ ಆಸೆಯನ್ನೋ, ಗುಮ್ಮನ ಭಯವನ್ನೋ ಬೆರೆಸಿಯೇ ಉಣಿಸಬೇಕು ಎಂಬ ನಂಬಿಕೆ ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಬೇರೂರಿದೆ. "ಇನ್ನೊಂದು ತುತ್ತು ಉಣ್ಣೋ ತಮ್ಮಾ, ಆಮ್ಯಾಲೆ ಮೊಬೈಲ್ ಕೊಡ್ತೀನಿ" ಎನ್ನುವ ಅವ್ವನ ಮಾತಿನಲ್ಲಿ ವಾತ್ಸಲ್ಯವಲ್ಲದೆ ಬೇರೇನೂ ಇಲ್ಲ. ಆದರೆ ಊಟದ ಸಂತೋಷವು ಊಟದಲ್ಲಿಯೇ ಇದೆಯೆಂಬುದನ್ನು ಮಗು ಅರಿಯುವ ಮೊದಲೇ ಆ ಮಾತು ಅದನ್ನು ಮರೆಮಾಡುತ್ತದೆ. ಪರದೆಯಲ್ಲಿ ಕಣ್ಣು ನೆಟ್ಟ ಮಗು ಬಾಯಿ ತೆರೆಯುವುದೇನೋ ನಿಜ. ಆದರೆ ರುಚಿಯಾಗಲಿ ತೃಪ್ತಿಯಾಗಲಿ ಅದರ ಗಮನಕ್ಕೆ ಬಾರದು.

ಪೇಡೆಯ ಆಮಿಷವಂತೂ ಉದ್ದೇಶಕ್ಕೆ ವಿರುದ್ಧವಾದ ಫಲವನ್ನೇ ಕೊಡಬಲ್ಲುದು. ಒಂದು ಪಾನೀಯವನ್ನು ಕುಡಿದರೆ ಬಹುಮಾನವೆಂದು ಹೇಳಿ ಮಕ್ಕಳಿಗೆ ಕುಡಿಸಿದಾಗ, ಆ ಪಾನೀಯದ ಮೇಲಣ ಅವರ ಒಲವು ಕುಗ್ಗಿತೆಂಬುದನ್ನು ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ ಮತ್ತು ಸಂಗಡಿಗರು 1984ರಲ್ಲಿ ತೋರಿಸಿದರು. ಪಲ್ಯ ತಿಂದುದಕ್ಕೆ ಕೂಲಿ ಕೊಡಬೇಕಾದರೆ ಪಲ್ಯ ಕೆಟ್ಟದ್ದೇ ಇರಬೇಕೆಂದು ಮಗು ಊಹಿಸಿದರೆ ಅದರ ತರ್ಕದಲ್ಲಿ ದೋಷವೆಲ್ಲಿದೆ?

ತಾಟು ಬರಿದಾಗಲೇಬೇಕೆಂಬುದು ಇನ್ನೊಂದು ನಂಬಿಕೆ. ಬರಗಾಲಗಳನ್ನು ಕಂಡುಂಡ ಈ ಎರೆಭೂಮಿಯ ಹಿರಿಯರು ಅನ್ನವನ್ನು ದೇವರೆಂದು ಬಗೆದುದು ಪೂಜ್ಯವಾದುದೇ. ಆದರೆ ಆ ಗೌರವವನ್ನು ಸಲ್ಲಿಸುವ ಮಾರ್ಗ ಮೊದಲೇ ಕಡಿಮೆ ಬಡಿಸುವುದೇ ಹೊರತು, ತುಂಬಿದ ಹೊಟ್ಟೆಗೆ ಮತ್ತೆ ತುರುಕುವುದಲ್ಲ. ಕಾಲು ರೊಟ್ಟಿ ಇಟ್ಟು, ಬೇಕೆಂದಾಗ ಮತ್ತೆ ಕಾಲು ಇಡಬಹುದು. ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್, ಆಗತಾನೇ ಮೊಲೆಹಾಲು ಬಿಟ್ಟ ಕೂಸುಗಳ ಮುಂದೆ ಬಗೆಬಗೆಯ ಸಹಜ ಆಹಾರಗಳನ್ನಿರಿಸಿ, ಯಾರೂ ಒತ್ತಾಯಿಸದಂತೆ ಅವುಗಳಿಗೇ ಆಯ್ಕೆಯನ್ನು ಬಿಟ್ಟು ನಡೆಸಿದ ಪ್ರಯೋಗವನ್ನು 1928ರಲ್ಲಿ ಪ್ರಕಟಿಸಿದರು. ಕೂಸುಗಳು ಒಂದೊಂದು ದಿನ ವಿಚಿತ್ರವಾಗಿ ಉಂಡರೂ ಚೆನ್ನಾಗಿಯೇ ಬೆಳೆದವು. ಪ್ರಯೋಗದ ಮರ್ಮವು ಆಹಾರದ ಪಟ್ಟಿಯಲ್ಲಿತ್ತೆಂಬುದನ್ನು ಆಕೆಯೇ ಮುಂದೆ ಸ್ಪಷ್ಟಪಡಿಸಿದರು, ಏಕೆಂದರೆ ಅದರಲ್ಲಿ ಸಕ್ಕರೆಯ ತಿನಿಸುಗಳಿಗೆ ಎಡೆಯೇ ಇರಲಿಲ್ಲ. ಏನನ್ನು ಬಡಿಸಬೇಕೆಂಬುದು ಹಿರಿಯರ ಹೊಣೆ; ಎಷ್ಟು ಉಣ್ಣಬೇಕೆಂಬುದು ಮಗುವಿನದು. ಮಗು ದಿನದಿನಕ್ಕೆ ಸೊರಗುತ್ತಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಪುಂಡಿಪಲ್ಯವನ್ನು ಮಗು ಒಮ್ಮೆ ಉಗುಳಿದರೆ ಅದು ಅದಕ್ಕೆ ಎಂದೆಂದಿಗೂ ಸೇರದೆಂದು ತೀರ್ಮಾನಿಸಿ, ಬೇರೆ ಅಡುಗೆಗೆ ತೊಡಗುವವರಿದ್ದಾರೆ. ಅಪರಿಚಿತ ರುಚಿಗೆ ಹಿಂಜರಿಯುವುದು ಎಳೆಯರ ಸಹಜಧರ್ಮ. ಹತ್ತು ಹದಿನೈದು ಸಲ, ಬಲವಂತವಿಲ್ಲದೆ, ಚಿಟಿಕೆಯಷ್ಟು ಕಣ್ಣೆದುರಿಗೆ ಬಂದ ಮೇಲೆ ಅನೇಕ ಮಕ್ಕಳು ಅದನ್ನೇ ಕೇಳಿ ಹಾಕಿಸಿಕೊಳ್ಳುತ್ತಾರೆ. ಶೀಗಿ ಹುಣ್ಣಿಮೆಯಂದು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬದುವಿನ ಮೇಲೆ ಬುತ್ತಿ ಬಿಚ್ಚುವ ಕುಟುಂಬಗಳನ್ನು ನೋಡಿರಿ: ಮನೆಯಲ್ಲಿ ಮುಖ ತಿರುಗಿಸಿದ ಮಗುವೇ ಅಲ್ಲಿ ಅಣ್ಣತಮ್ಮಂದಿರ ನಡುವೆ ಕುಳಿತು ಕಡಕ್ ರೊಟ್ಟಿಗೆ ಗುರೆಳ್ಳು ಚಟ್ನಿ ಹಚ್ಚಿಕೊಂಡು ತಿನ್ನುತ್ತದೆ. ನಡೆದು ಬಂದ ಹಸಿವು, ಓರಗೆಯವರ ಅನುಕರಣೆ, ಯಾರೂ ತನ್ನ ಬಾಯನ್ನೇ ನೋಡುತ್ತಿಲ್ಲವೆಂಬ ನಿರಾಳತೆ, ಈ ಮೂರೂ ಅಲ್ಲಿ ಏಕತ್ರ ಕೂಡಿರುತ್ತವೆ. ಮನೆಯಲ್ಲಿಯೂ ಇದು ಅಸಾಧ್ಯವಲ್ಲ. ರೊಟ್ಟಿ ಬಡಿಯುವ ಆಯಿಯ ಪಕ್ಕದಲ್ಲಿ ಕುಳಿತು, ಪುಟ್ಟದೊಂದು ಹಿಟ್ಟಿನ ಉಂಡೆ ಪಡೆದು, ಓರೆಕೋರೆಯಾಗಿ ತಟ್ಟಿ, ಅದು ಹಂಚಿನ ಮೇಲೆ ಉಬ್ಬುವುದನ್ನು ಕಣ್ಣಾರೆ ಕಂಡ ಮಗುವಿಗೆ ಉಣಿಸಲು ಕತೆಯೂ ಬೇಡ, ಗುಮ್ಮನೂ ಬೇಡ.

ಉಣ್ಣುವಾಗ ಮಾತನಾಡಬಾರದೆಂಬ ನಿಯಮದಲ್ಲಿ ಅರ್ಧ ಸತ್ಯವುಂಟು. ಬಾಯಿತುಂಬ ತುತ್ತಿರುವಾಗ ನಕ್ಕರೆ, ಓಡಾಡಿದರೆ ಆಹಾರ ಶ್ವಾಸನಾಳಕ್ಕೆ ಸಿಕ್ಕುವ ಭಯವಿದೆ. ನಾಲ್ಕೈದು ವರ್ಷದೊಳಗಿನವರಿಗೆ ಇಡಿಯ ಶೇಂಗಾಕಾಳನ್ನು ಕೊಡಲೇಬಾರದು, ಚಟ್ನಿಪುಡಿಯಾಗಿಯೇ ಕೊಡಬೇಕು. ತುತ್ತು ನುಂಗಿದ ಮೇಲೆ ಮಗು ಶಾಲೆಯ ವರದಿಯನ್ನು ಹೇಳತೊಡಗಿದರೆ ತಡೆಯದಿರಿ. ಆದರೆ ಅದು ಗಣಿತದ ಅಂಕಗಳ ವಿಚಾರಣೆಯಾಗಕೂಡದು.