ಅಂಗಡಿ ನಮ್ಮದು, ಬೀದಿ ಅನ್ಯರದು

ಜಾಲತಾಣವೊಂದನ್ನು ತೆರೆದು, ಗಿರಾಕಿಗಳು ತಾವಾಗಿಯೇ ಬರುವರೆಂದು ನಂಬಿ ಕುಳಿತ ವರ್ತಕರನ್ನು ನಾವು ಅನೇಕ ಕಡೆ ಕಂಡಿದ್ದೇವೆ. ಅವರ ಅಂಗಡಿಗೆ ದಾರಿ ತೋರಿಸತಕ್ಕದ್ದು ಗೂಗಲ್. ಆ ದಾರಿಯನ್ನು ಅದು ತನ್ನ ಇಚ್ಛಾನುಸಾರ ತಿರುಗಿಸುತ್ತದೆ. 2011ರಲ್ಲಿ "ಪಾಂಡಾ" ಎಂಬ ಮಾರ್ಪಾಟು ಸತ್ತ್ವಹೀನ ಬರಹಗಳನ್ನು ಕೆಳಗೆ ತಳ್ಳಿತು. 2012ರ "ಪೆಂಗ್ವಿನ್" ಅನ್ಯ ತಾಣಗಳಿಂದ ಹಣಕೊಟ್ಟು ಪಡೆದ ಕೊಂಡಿಗಳನ್ನು ದಂಡಿಸಿತು. ಕಳ್ಳದಾರಿ ಹಿಡಿದವರಿಗಾಗಿ ನಾವು ಮರುಗುವವರಲ್ಲ. 2015ರಲ್ಲಿ ಮೊಬೈಲಿನಲ್ಲಿ ಓದಲಾಗದ ಪುಟಗಳು ಹಿಂದೆ ಬಿದ್ದವು. ಆದರೆ 2024ರಿಂದ ನಮ್ಮ ದೇಶದಲ್ಲಿಯೂ ಬಂದಿರುವ ಪದ್ಧತಿಯೇ ಬೇರೆ. ಯಂತ್ರವು ಹಲವು ತಾಣಗಳ ಮಾತನ್ನು ಕಲೆಹಾಕಿ ಉತ್ತರವನ್ನು ತಾನೇ ಮೇಲ್ಗಡೆ ಬರೆದುಬಿಡುತ್ತದೆ. ಓದಿದವನು ಅಂಗಡಿಯ ಮೆಟ್ಟಿಲು ಹತ್ತದೆಯೇ ಹಿಂದಿರುಗಬಹುದು. ಇದರಿಂದ ಪ್ರಾಮಾಣಿಕನಿಗೂ ನಷ್ಟವುಂಟು.

ಹೀಗಿರುವಲ್ಲಿ ಇಳಕಲ್ಲಿನ ಸೀರೆಯ ವರ್ತಕನು "ಉತ್ತಮ ಸೀರೆ, ಸುಲಭ ಬೆಲೆ" ಎಂದಷ್ಟೇ ಬರೆದರೆ ಯಾರು ಬಂದಾರು? ಅಷ್ಟನ್ನು ಯಂತ್ರವೂ ಬರೆದೀತು. ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆಯ ಎಳೆಗಳನ್ನು ಕುಣಿಕೆಯಿಂದ ಕೂಡಿಸುವ ಬಗೆ, ತನ್ನ ಮಗ್ಗದ ಚಿತ್ರ, ಇಂದಿನ ಬೆಲೆ, ಬಾಗಿಲು ತೆರೆಯುವ ವೇಳೆ, ಇವನ್ನು ಅವನಲ್ಲದೆ ಮತ್ತಾರು ಹೇಳಬಲ್ಲರು? ಬಂದ ಗಿರಾಕಿಯ ವಿಳಾಸವನ್ನು, ಅವರ ಒಪ್ಪಿಗೆ ಪಡೆದು, ತನ್ನ ಪುಸ್ತಕದಲ್ಲಿಯೇ ಬರೆದಿಟ್ಟುಕೊಳ್ಳಲಿ. ಮುಂದಿನ ಹಬ್ಬಕ್ಕೆ ಸುದ್ದಿ ಕಳುಹಿಸಲು ಗೂಗಲಿನ ಅಪ್ಪಣೆ ಬೇಕಾಗಿಲ್ಲ.