ಊರಿಗೂ ಆಫೀಸಿಗೂ ನಡುವೆ ಒಂದು ಸುರಂಗ

ಪುಣೆಯ ನಮ್ಮ ಕಂಪನಿಯಲ್ಲಿ ಯಾರಾದರೂ ‘ಹದಿನೈದು ದಿನ ಊರಿಂದಲೇ ಕೆಲಸ ಮಾಡ್ತೀನಿ’ ಎಂದರೆ ಮ್ಯಾನೇಜರ್ ಹೂಂ ಅನ್ನುವ ಮೊದಲು ನನ್ನ ಮುಖ ನೋಡುತ್ತಾರೆ. ಸಿಸ್ಟಮ್ ಅಡ್ಮಿನ್ ನಾನು. ಅಪ್ಪನ ಕಣ್ಣಿನ ಆಪರೇಷನ್, ಅಡಿಕೆ ಕೊಯ್ಲು, ತಂಗಿಯ ಬಾಣಂತನ, ಕಾರಣ ಏನೇ ಇರಲಿ, ಅಲ್ಲಿ ವಿಪಿಎನ್ ನಿಲ್ಲುತ್ತದೋ ಇಲ್ಲವೋ ಎಂಬುದರ ಮೇಲೆ ಊರಿನ ದಾರಿ ತೀರ್ಮಾನವಾಗುತ್ತದೆ. ಹೊರನಾಡಿನಲ್ಲಿ ದುಡಿಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಳೆದ ವರ್ಷದವರೆಗೆ ನಾವು ದುಡ್ಡು ಕೊಟ್ಟು ಕೊಂಡ ವಿಪಿಎನ್ ಬಳಸುತ್ತಿದ್ದೆವು. ತಲೆಗೆ ಇಷ್ಟು ಎಂದು ವಾರ್ಷಿಕ ಶುಲ್ಕ, ಅರವತ್ತು ತಲೆ. ನವೀಕರಣದ ಬಿಲ್ ನೋಡಿದ ಯಜಮಾನರು ‘ಫ್ರೀದು ಯಾವುದೂ ಇಲ್ವಾ?’ ಎಂದರು. ಇದೆ, ಆದರೆ ಫ್ರೀ ಎಂದರೆ ಸಂಬಳವಿಲ್ಲದೆ ಬರುವ ಆಳಲ್ಲ. ಶುಲ್ಕ ಉಳಿದರೂ ನೋಡಿಕೊಳ್ಳುವವನ ಸಮಯ ಖರ್ಚಾಗುತ್ತದೆ ಎಂದೆ. ಒಪ್ಪಿದರು. ಅದೇ ಹೊತ್ತಿಗೆ ಶಿರಸಿ ಕಡೆಯ ಸಹೋದ್ಯೋಗಿಯೊಬ್ಬರ ತಾಯಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ‘ಅಮ್ಮ ಎದ್ದು ಓಡಾಡುವವರೆಗೆ ನಾನು ಬರೂದಿಲ್ಲ ಸರ್, ಆಗಲ್ಲ ಅಂದ್ರೆ ರಾಜೀನಾಮೆ ಕೊಡ್ತೆ’ ಎಂದು ಫೋನ್‌ನಲ್ಲೇ ಹೇಳಿದ್ದರು. ಹಳೆಯ ವಿಪಿಎನ್ ಅವರ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕಡಿದುಹೋಗುತ್ತಿತ್ತು. ಹೀಗಾಗಿ ನನ್ನ ಪರೀಕ್ಷಾ ಕೇಂದ್ರ ಪುಣೆಯ ಲ್ಯಾಬ್ ಆಗಲಿಲ್ಲ, ಅವರ ಮನೆಯ ಜಗಲಿ ಆಯಿತು.

ಎದುರಿಗಿದ್ದ ಮುಖ್ಯ ಹೆಸರುಗಳು ಮೂರು: ಓಪನ್‌ವಿಪಿಎನ್, ಸ್ಟ್ರಾಂಗ್‌ಸ್ವಾನ್, ವೈರ್‌ಗಾರ್ಡ್. ಸ್ಟ್ರಾಂಗ್‌ಸ್ವಾನ್ ಐಪಿಸೆಕ್ ಸಂಪ್ರದಾಯದ್ದು. ವಿಂಡೋಸ್, ಐಫೋನ್‌ಗಳಲ್ಲಿ ಬೇರೆ ಆ್ಯಪ್ ಹಾಕದೆ ನಡೆಯುತ್ತದೆ, ಎರಡು ಕಚೇರಿಗಳನ್ನು ಶಾಶ್ವತವಾಗಿ ಜೋಡಿಸಲು ಬಹಳ ಒಳ್ಳೆಯದು. ಆದರೆ ಅದರ ಸಂರಚನೆ ಅರ್ಥವಾಗುವವರು ನಮ್ಮಲ್ಲಿ ನಾನೊಬ್ಬನೇ. ನಾನು ರಜೆ ಹಾಕಿದ ದಿನ ಕೆಟ್ಟರೆ? ಕೈಬಿಟ್ಟೆ.

ಓಪನ್‌ವಿಪಿಎನ್ ಹುಟ್ಟಿದ ಕಥೆ ನಮ್ಮಂಥವರಿಗೆ ಹತ್ತಿರದ್ದು. ಜೇಮ್ಸ್ ಯೋನನ್ ಮಧ್ಯ ಏಷ್ಯಾದಲ್ಲಿ ಓಡಾಡುತ್ತ ದೂರದಿಂದ ಕೆಲಸ ಮಾಡುತ್ತಿದ್ದಾಗ, ತನ್ನ ಮಾಹಿತಿ ಯಾರ್‍ಯಾರದೋ ಜಾಲದ ಮೂಲಕ ಹಾಯುವುದು ಕಂಡು ಚಿಂತೆಗೆ ಬಿದ್ದು ಇದನ್ನು ಬರೆದದ್ದು. ಮೊದಲ ಆವೃತ್ತಿ ಬಂದದ್ದು 2001ರಲ್ಲಿ. ಹಳೆಯ ಕುದುರೆ, ಆದರೆ ಎಲ್ಲಾ ದಾರಿ ಗೊತ್ತು. ಪ್ರಮಾಣಪತ್ರ, ಪಾಸ್‌ವರ್ಡ್, ಒಟಿಪಿ ಎಲ್ಲವನ್ನೂ ಕೇಳಿಸಬಹುದು. ಯುಡಿಪಿ ತಡೆಹಿಡಿದ ಜಾಗದಲ್ಲಿ ಟಿಸಿಪಿ 443ರ ಬಾಗಿಲಿನಿಂದ ನುಸುಳುತ್ತದೆ. ಆದರೆ ಸಿಗ್ನಲ್ ಸೊರಗಿದ ಕಡೆ ಟಿಸಿಪಿಯೊಳಗೆ ಟಿಸಿಪಿ ಓಡಿಸಿದರೆ, ಒಂದು ಪ್ಯಾಕೆಟ್ ಕಳೆದರೂ ಒಳಗಿನದೂ ಹೊರಗಿನದೂ ಎರಡೂ ಮತ್ತೆ ಕಳಿಸಲು ಹೊರಟು, ಇಡೀ ಸಂಪರ್ಕ ತೆವಳತೊಡಗುತ್ತದೆ.

ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್ ಇದಕ್ಕೆ ತದ್ವಿರುದ್ಧ. ಲಿನಕ್ಸ್‌ಗಾಗಿ ಬರೆದದ್ದು ಹೆಚ್ಚುಕಡಿಮೆ ನಾಲ್ಕು ಸಾವಿರ ಸಾಲಿನ ಕೋಡ್. 2020ರ ಮಾರ್ಚ್‌ನಲ್ಲಿ ಬಂದ 5.6 ಆವೃತ್ತಿಯಿಂದ ಲಿನಕ್ಸ್ ಕರ್ನಲ್‌ನೊಳಗೇ ಇದೆ. ಯಾವ ಗೂಢಲಿಪಿ ಬಳಸಬೇಕೆಂಬ ಆಯ್ಕೆಯನ್ನೇ ಅದು ನಮಗೆ ಕೊಡುವುದಿಲ್ಲ. ನನಗದು ಇಷ್ಟ, ಆಯ್ಕೆ ಹೆಚ್ಚಿದ್ದಲ್ಲಿ ದುರ್ಬಲವಾದದ್ದನ್ನು ಆರಿಸುವವರೂ ಇರುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ವೈರ್‌ಗಾರ್ಡ್ ನಿಮ್ಮನ್ನು ಗುರುತಿಸುವುದು ಐಪಿ ವಿಳಾಸದಿಂದಲ್ಲ, ಕೀಲಿಯಿಂದ. ಶಿರಸಿಯಲ್ಲಿ ಕರೆಂಟ್ ಹೋಗಿ ಫೈಬರ್ ಸತ್ತಾಗ ಸಹೋದ್ಯೋಗಿ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾದರೆ, ಸುರಂಗ ಮತ್ತೆ ಲಾಗಿನ್ ಕೇಳದೆ ಮುಂದುವರಿಯಿತು. ಒಂದೇ ತೊಡಕು: ಹಾಟ್‌ಸ್ಪಾಟ್‌ನಲ್ಲಿ ಸಣ್ಣ ಪುಟಗಳು ತೆರೆದು ದೊಡ್ಡ ಫೈಲುಗಳು ನೇತಾಡಿದವು. ಎಂಟಿಯು, ಅಂದರೆ ಪ್ಯಾಕೆಟ್ಟಿನ ಗರಿಷ್ಠ ಅಳತೆಯನ್ನು 1420ರಿಂದ 1280ಕ್ಕೆ ಇಳಿಸಿದ ಮೇಲೆ ಸರಿಹೋಯಿತು. ‘ಸರ್, ಈಗ ಅಡುಗೆಮನೇಲಿ ಕೂತ್ರೂ ಬತ್ತು’ ಎಂದು ಮೆಸೇಜ್ ಬಂತು. ಜಗಲಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡಿದ್ದ ಮನುಷ್ಯ ತಾಯಿಯ ಕೋಣೆಯ ಪಕ್ಕಕ್ಕೆ ಬಂದರು.

ಹಾಗೆಂದು ಎಲ್ಲರಿಗೂ ಅದನ್ನೇ ಕೊಡಲಿಲ್ಲ. ವೈರ್‌ಗಾರ್ಡ್‌ಗೆ ತನ್ನದೇ ಪಾಸ್‌ವರ್ಡ್ ಇಲ್ಲ, ಒಟಿಪಿ ಇಲ್ಲ. ಕೀಲಿಯ ಫೈಲ್ ಇದ್ದವನೇ ಯಜಮಾನ. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಕಳೆದರೆ ಬಾಗಿಲೂ ಕಳೆದಂತೆ. ಆದ್ದರಿಂದ ಎಲ್ಲ ಲ್ಯಾಪ್‌ಟಾಪ್‌ಗಳ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದೆವು, ಯಾರ ಕೀಲಿಗೆ ಯಾವ ಸರ್ವರ್ ಎಂದು ಫೈರ್‌ವಾಲ್‌ನಲ್ಲಿ ಬೇಲಿ ಹಾಕಿದೆವು. ಲೆಕ್ಕಪತ್ರ ವಿಭಾಗದ ಆರು ಜನರಿಗೆ ಮಾತ್ರ ಒಟಿಪಿ ಸಮೇತ ಓಪನ್‌ವಿಪಿಎನ್. ಯುಡಿಪಿ ಬಿಡದ ಗ್ರಾಹಕರ ಕಚೇರಿಗಳಲ್ಲಿ ಕೂರುವವರಿಗೂ ಅದೇ. ಎರಡೆರಡು ವ್ಯವಸ್ಥೆ ಯಾಕೆ ಎಂದು ಮೀಟಿಂಗಿನಲ್ಲಿ ಕೇಳಿದರು. ಮನೆಗೂ ತಿಜೋರಿಗೂ ಒಂದೇ ಬೀಗ ಹಾಕ್ತೀರಾ ಎಂದೆ, ಚರ್ಚೆ ಮುಗಿಯಿತು.

ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಗ್ರಾಹಕರ ವಿವರಗಳನ್ನು ಐದು ವರ್ಷ ಇಡಬೇಕೆಂಬ ನಿಯಮ ಸಾರ್ವಜನಿಕರಿಗೆ ವಿಪಿಎನ್ ಮಾರುವವರಿಗೆ, ಕಂಪನಿಗಳ ಒಳಬಳಕೆಯ ವಿಪಿಎನ್‌ಗೆ ಅಲ್ಲ. ಲಾಗ್ ಮಾತ್ರ ನಮಗೂ ತಪ್ಪದು. ವೈರ್‌ಗಾರ್ಡ್ ‘ಇಂಥವರು ಇಷ್ಟು ಹೊತ್ತಿಗೆ ಒಳಬಂದರು’ ಎಂದು ತಾನಾಗಿ ಬರೆದಿಡುವುದಿಲ್ಲ. ಕೊನೆಯ ಹಸ್ತಲಾಘವದ ಸಮಯವನ್ನಷ್ಟೇ ತೋರಿಸುತ್ತದೆ. ಅದನ್ನು ಐದೈದು ನಿಮಿಷಕ್ಕೊಮ್ಮೆ ಓದಿ ದಾಖಲಿಸುವ ಸಣ್ಣ ಸ್ಕ್ರಿಪ್ಟ್ ಬರೆದುಕೊಂಡೆವು.

ಈಗ ಉಳಿದಿರುವುದು ದಿನನಿತ್ಯದ ಕಸಗುಡಿಸುವ ಕೆಲಸ. ಯಾರಾದರೂ ಕೆಲಸ ಬಿಟ್ಟರೆ ಅದೇ ಸಂಜೆ ಅವರ ಕೀಲಿ ಅಳಿಸಬೇಕು. ಎಚ್‌ಆರ್ ಮೇಲ್‌ಗೆ ಕಾಯುತ್ತ ಕೂತರೆ ವಾರ ಕಳೆಯುತ್ತದೆ. ಅದಕ್ಕೇ ಬೀಳ್ಕೊಡುಗೆಯ ಕೇಕ್‌ಗೆ ನನ್ನನ್ನು ತಪ್ಪದೆ ಕರೆಯಿರಿ ಎಂದು ಎಲ್ಲರಿಗೂ ಹೇಳಿಟ್ಟಿದ್ದೇನೆ.